ರಿಡಿಮ್‌ನ ಜಾಡು ಹಿಡಿದು: ಹೊಸ ರೆಗ್ಗೆ, ಡ್ಯಾನ್ಸ್‌ಹಾಲ್, ಹಿಪ್‌ಹಾಪ್ ಕೇಳುವವರಿಗೆ ಬ್ಯಾಂಡ್‌ಕ್ಯಾಂಪ್

ಹೊಸ ಹಾಡು ಬಂದಾಗ ನಮಗೆ ಸುದ್ದಿ ಮುಟ್ಟಿಸುವ ಸೇವೆಗಳಲ್ಲಿ ಹೆಚ್ಚಿನವು ಗಾಯಕರ ಹೆಸರನ್ನೇ ಆಧಾರವಾಗಿ ಇಟ್ಟುಕೊಂಡಿವೆ. ಇಷ್ಟವಾದ ನಾಲ್ಕು ಹೆಸರು ಆಯ್ದುಕೊಂಡರೆ ಅವರ ಹಾಡು ಬಿಡುಗಡೆಯಾದ ದಿನ ಫೋನಿಗೆ ಸೂಚನೆ ಬರುತ್ತದೆ. ಪಾಪ್ ಸಂಗೀತಕ್ಕೆ ಇಷ್ಟು ಸಾಕಾಗಬಹುದು, ಆದರೆ ರೆಗ್ಗೆ ಮತ್ತು ಅದರಿಂದ ಹುಟ್ಟಿದ, ಕುಣಿತಕ್ಕೆ ಹೊಂದುವ ಡ್ಯಾನ್ಸ್‌ಹಾಲ್‌ನಂಥ ಜಮೈಕಾದ ಸಂಗೀತಕ್ಕೆ ಸಾಲದು. ಅಲ್ಲಿ ಮೊದಲು ಹುಟ್ಟುವುದು ರಿಡಿಮ್, ಅಂದರೆ ಡ್ರಮ್ ಮತ್ತು ಬಾಸ್ ಸೇರಿ ಕಟ್ಟಿದ ಹಾಡಿನ ಅಡಿಪಾಯ. ಒಬ್ಬ ಪ್ರೊಡ್ಯೂಸರ್ ಅದನ್ನು ಸಿದ್ಧಪಡಿಸಿ, ಅದಕ್ಕೊಂದು ಹೆಸರಿಟ್ಟು, ಹತ್ತಾರು ಗಾಯಕರನ್ನು ಸ್ಟುಡಿಯೋಕ್ಕೆ ಕರೆದು ಒಬ್ಬೊಬ್ಬರಿಂದಲೂ ಅದರ ಮೇಲೆ ಬೇರೆ ಬೇರೆ ಸಾಹಿತ್ಯ ಹಾಡಿಸುತ್ತಾನೆ. ಹೀಗಾಗಿ ಒಂದೇ ಗಾಯಕನ ಹೆಸರು ಹಿಡಿದು ಹೊರಟವನಿಗೆ ಒಂದು ಹಾಡು ಸಿಗುತ್ತದೆ, ಅದರ ಒಡಹುಟ್ಟಿದ ಉಳಿದ ಹಾಡುಗಳು ಕಣ್ಣಿಗೇ ಬೀಳುವುದಿಲ್ಲ. ಅಂತರಜಾಲದಲ್ಲಿ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಎಂಬ ಸೇವೆಯನ್ನು ನಾನು ಇಲ್ಲಿ ಅಳೆಯುತ್ತಿರುವುದು ಮುಖ್ಯವಾಗಿ ಈ ದೃಷ್ಟಿಯಿಂದಲೇ: ಹಾಡಿನ ಹಿಂದೆ ಇರುವ ಪ್ರೊಡ್ಯೂಸರ್, ಲೇಬಲ್ (ರೆಕಾರ್ಡು ಹೊರತರುವ ಸಂಸ್ಥೆ) ಮತ್ತು ಸ್ಟುಡಿಯೋಗಳ ಜಾಡು ಹಿಡಿಯಲು ಅದು ಎಷ್ಟು ನೆರವಾಗುತ್ತದೆ?

ಈ ಪ್ರಶ್ನೆ ಏಕೆ ಮುಖ್ಯ ಎಂಬುದಕ್ಕೆ ಎರಡು ಉದಾಹರಣೆ ಸಾಕು. 1985ರಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಪ್ರೊಡ್ಯೂಸರ್ ಕಿಂಗ್ ಜಾಮಿ ಹೊರತಂದ ಸ್ಲೆಂಗ್ ಟೆಂಗ್ ರಿಡಿಮ್ ಕ್ಯಾಸಿಯೋ ಎಂಟಿ-40 ಎಂಬ ಸಣ್ಣ ಕೀಬೋರ್ಡಿನಲ್ಲಿ ಮೊದಲೇ ತುಂಬಿಸಿಟ್ಟಿದ್ದ ಒಂದು ತಾಳದಿಂದ ಹುಟ್ಟಿತು. ವೇಯ್ನ್ ಸ್ಮಿತ್ ಮೊದಲು ಹಾಡಿದ ಆ ರಿಡಿಮ್ ಮೇಲೆ ಮುಂದೆ ನೂರಾರು ಹಾಡುಗಳು ಬಂದವು, ಜಮೈಕಾದ ಸಂಗೀತವೇ ವಾದ್ಯಗೋಷ್ಠಿಯಿಂದ ಯಂತ್ರದ ಕಡೆಗೆ ಹೊರಳಿತು. ಎರಡನೆಯದು ನಮ್ಮ ಹಬ್ಬದ ಹೆಸರನ್ನೇ ಹೊತ್ತ ದಿವಾಲಿ ರಿಡಿಮ್. ಸ್ಟೀವನ್ ಮಾರ್ಸ್‌ಡನ್, ಅಂದರೆ ಎಲ್ಲರೂ ಲೆಂಕಿ ಎಂದು ಕರೆಯುವ ಪ್ರೊಡ್ಯೂಸರ್, ಚಪ್ಪಾಳೆಯ ಸದ್ದನ್ನು ಮುಂದಿಟ್ಟು ಕಟ್ಟಿದ ಆ ಒಂದೇ ತಾಳದ ಮೇಲೆ ಶಾನ್ ಪಾಲ್, ವೇಯ್ನ್ ವಂಡರ್, ಲುಮಿಡೀ ಎಂಬ ಮೂವರು ಹಾಡಿದ ಹಾಡುಗಳು 2003ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯನ್ನೇರಿದವು. ಶಾನ್ ಪಾಲ್ ಹಾಡು ಮೊದಲ ಸ್ಥಾನಕ್ಕೇ ಹೋಯಿತು. ಆ ವರ್ಷ ಮೂರೂ ಹಾಡು ಕೇಳಿ ಕುಣಿದವರಲ್ಲಿ ಲೆಂಕಿಯ ಹೆಸರು ಎಷ್ಟು ಜನರಿಗೆ ಗೊತ್ತಿತ್ತು ಎಂದು ಯೋಚಿಸಿದರೆ ಬೇಸರವಾಗುತ್ತದೆ.

ಹಿಪ್‌ಹಾಪ್ ಕೂಡ ಇದೇ ಬೇರಿನ ಕೊಂಬೆ. ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಬಂದ ಡೀಜೇ ಕೂಲ್ ಹರ್ಕ್ 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ಸೆಜ್‌ವಿಕ್ ಅವೆನ್ಯೂವಿನ ಕಟ್ಟಡವೊಂದರಲ್ಲಿ ನಡೆಸಿದ ಕೂಟದಿಂದ ಅದರ ಚರಿತ್ರೆಯನ್ನು ಎಣಿಸುವುದು ವಾಡಿಕೆ. ಜಮೈಕಾದ ಸೌಂಡ್ ಸಿಸ್ಟಮ್ ಸಂಪ್ರದಾಯ, ಅಂದರೆ ಬೀದಿಯಲ್ಲಿ ದೊಡ್ಡ ಸ್ಪೀಕರುಗಳನ್ನು ಪೇರಿಸಿ ರೆಕಾರ್ಡು ಹಾಕಿ ಅದರ ಮೇಲೆ ಮಾತು ಕಟ್ಟುವ ಪದ್ಧತಿ, ಅಲ್ಲಿಗೆ ಹೀಗೆ ತಲುಪಿತು. ಹಿಪ್‌ಹಾಪ್‌ನಲ್ಲೂ ರ‍್ಯಾಪರ್‌ನಷ್ಟೇ ಮುಖ್ಯನಾದವನು ಬೀಟ್, ಅಂದರೆ ಹಾಡಿನ ಹಿನ್ನೆಲೆಯ ತಾಳ ಮತ್ತು ಸಂಗೀತ, ಕಟ್ಟುವವನು. ರೆಗ್ಗೆ, ಡ್ಯಾನ್ಸ್‌ಹಾಲ್, ಹಿಪ್‌ಹಾಪ್ ಈ ಮೂರೂ ಸಂಗೀತವನ್ನು ಒಟ್ಟಿಗೆ ಕೇಳುವವರು ನಮ್ಮಲ್ಲಿ ಇರುವುದಕ್ಕೂ, ಮೂರಕ್ಕೂ ಒಂದೇ ಬಗೆಯ ಹುಡುಕಾಟ ಬೇಕಾಗುವುದಕ್ಕೂ ಕಾರಣ ಇದೇ.

ಬ್ಯಾಂಡ್‌ಕ್ಯಾಂಪ್ ಶುರುವಾದದ್ದು 2008ರಲ್ಲಿ. ತಿಂಗಳಿಗೆ ಇಷ್ಟು ಎಂದು ಚಂದಾ ಕಟ್ಟಿ ಎಲ್ಲವನ್ನೂ ಕೇಳುವ ವ್ಯವಸ್ಥೆ ಇದಲ್ಲ, ಇದು ಅಂಗಡಿ. ಕಲಾವಿದರೋ ಲೇಬಲ್ಲಿನವರೋ ತಮ್ಮದೇ ಪುಟ ತೆರೆದು ಹಾಡು, ಆಲ್ಬಮ್, ವಿನೈಲ್, ಕ್ಯಾಸೆಟ್, ಅಂಗಿ ಎಲ್ಲವನ್ನೂ ನೇರವಾಗಿ ಮಾರುತ್ತಾರೆ. ಕೊಳ್ಳುವ ಮುಂಚೆ ಸಾಮಾನ್ಯವಾಗಿ ಪೂರ್ತಿ ಹಾಡನ್ನೇ ಕೇಳಬಹುದು. ಕೊಂಡ ಮೇಲೆ ಆ್ಯಪ್‌ನಲ್ಲಿ ಕೇಳುವುದರ ಜೊತೆಗೆ ಎಂಪಿ3, ಗುಣಮಟ್ಟ ಕುಗ್ಗಿಸದ ಫ್ಲಾಕ್, ವೇವ್ ಮೊದಲಾದ ರೂಪಗಳಲ್ಲಿ ಫೈಲನ್ನು ಇಳಿಸಿಕೊಳ್ಳಬಹುದು. ಮಾರುವವರು ಗುಣಮಟ್ಟ ಕುಗ್ಗಿಸದ ಫೈಲನ್ನೇ ಏರಿಸಬೇಕೆಂಬ ನಿಯಮವಿದೆ, ಬಾಸ್ ಪ್ರಧಾನವಾದ ಸಂಗೀತಕ್ಕೆ ಇದು ಸಣ್ಣ ಮಾತಲ್ಲ. ಒಂದು ಪುಟವನ್ನು ಫಾಲೋ ಮಾಡಿದರೆ ಅಲ್ಲಿ ಹೊಸದು ಬಂದಾಗಲೆಲ್ಲ ಇಮೇಲ್ ಬರುತ್ತದೆ. ಮೇಲ್ನೋಟಕ್ಕೆ ಸರಳವಾದ ಈ ಸೌಲಭ್ಯದ ತಿರುಳು ಇರುವುದು ಫಾಲೋ ಮಾಡಲು ಗಾಯಕನೇ ಬೇಕಿಲ್ಲ ಎಂಬುದರಲ್ಲಿ: ಲೇಬಲ್ಲಿಗೆ ತನ್ನದೇ ಪುಟವಿದೆ, ಸೌಂಡ್ ಸಿಸ್ಟಮ್ ನಡೆಸುವವರಿಗೂ, ಪ್ರೊಡ್ಯೂಸರ್‌ಗೂ ಇದೆ.

ಬ್ರಿಟನ್ನಿನ ಅಥವಾ ಫ್ರಾನ್ಸಿನ ಡಬ್ ಲೇಬಲ್ಲೊಂದರ ಪುಟವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹತ್ತಿಂಚಿನ ರೆಕಾರ್ಡೊಂದು ಬಂದಿದೆ ಎಂದಿಟ್ಟುಕೊಳ್ಳಿ. ಪುಟದಲ್ಲಿ ನಾಲ್ಕು ಟ್ರ್ಯಾಕುಗಳಿರುತ್ತವೆ. ಮೊದಲನೆಯದು ಗಾಯಕ ಹಾಡಿದ ಹಾಡು, ಎರಡನೆಯದು ಅದರ ಡಬ್, ಅಂದರೆ ದನಿಯನ್ನು ಅಲ್ಲಲ್ಲಿ ಕಿತ್ತು ಪ್ರತಿಧ್ವನಿಯಲ್ಲಿ ತೇಲಿಸಿ ಬಾಸನ್ನು ಮುಂದೆ ತಂದ ರೂಪ. ಮೂರನೆಯದರಲ್ಲಿ ಅದೇ ರಿಡಿಮ್ ಮೇಲೆ ಟ್ರಾಂಬೋನೋ ಮೆಲೋಡಿಕಾವೋ ನುಡಿಯುತ್ತದೆ, ನಾಲ್ಕನೆಯದು ಮತ್ತೊಂದು ಡಬ್. ಕೆಳಗಿನ ಟಿಪ್ಪಣಿಯಲ್ಲಿ ಡ್ರಮ್ ಯಾರದು, ಬಾಸ್ ಯಾರದು, ಮಿಕ್ಸ್ ಮಾಡಿದ ಸ್ಟುಡಿಯೋ ಯಾವುದು ಎಂಬುದೆಲ್ಲ ಬರೆದಿರುತ್ತದೆ. ಹಿಂದೆ ಏಳಿಂಚಿನ ರೆಕಾರ್ಡಿನ ಒಂದು ಬದಿಗೆ ಹಾಡು, ಇನ್ನೊಂದು ಬದಿಗೆ ‘ವರ್ಷನ್’, ಅಂದರೆ ಅದರ ದನಿ ತೆಗೆದ ರೂಪ, ಹಾಕುತ್ತಿದ್ದ ಪದ್ಧತಿಯನ್ನು ಬಲ್ಲವರಿಗೆ ಈ ಪುಟದ ರಚನೆ ಹೊಸದೆನಿಸುವುದೇ ಇಲ್ಲ. ಒಂದೇ ರಿಡಿಮ್‌ನ ನಾಲ್ಕು ಮುಖವನ್ನು ಸಾಲಾಗಿ ಕೂತು ಕೇಳುವಾಗ, ಎರಡನೆಯ ಟ್ರ್ಯಾಕಿನಲ್ಲಿ ದನಿ ಮರೆಯಾದ ಕ್ಷಣ ಬಾಸ್‌ನ ನಡೆ ಮೊದಲ ಬಾರಿಗೆ ಪೂರ್ತಿಯಾಗಿ ಕಿವಿಗೆ ಬೀಳುತ್ತದೆ. ಆ ಅನುಭವಕ್ಕಾಗಿಯೇ ನಾನು ಈ ಸಂಗೀತವನ್ನು ಕೇಳುತ್ತೇನೆ. ಆಯ್ದ ಹಾಡುಗಳನ್ನು ಬಿಡಿಬಿಡಿಯಾಗಿ ಬಡಿಸುವ ಪ್ಲೇಲಿಸ್ಟುಗಳಲ್ಲಿ ಅದು ದಕ್ಕುವುದು ಅಪರೂಪ.

ಈ ಬಗೆಯ ಲೇಬಲ್ಲುಗಳ ವಿಷಯದಲ್ಲಿ ಬ್ಯಾಂಡ್‌ಕ್ಯಾಂಪ್ ನಿಜಕ್ಕೂ ಸಮೃದ್ಧವಾಗಿದೆ. ಬ್ರಿಟಿಷ್ ಪ್ರೊಡ್ಯೂಸರ್ ಏಡ್ರಿಯನ್ ಶೆರ್ವುಡ್ ಅವರ ಆನ್-ಯು ಸೌಂಡ್, ಹಳೆಯ ಜಮೈಕನ್ ಮುದ್ರಿಕೆಗಳನ್ನು ಶ್ರದ್ಧೆಯಿಂದ ಮರುಬಿಡುಗಡೆ ಮಾಡುವ ಲಂಡನ್ನಿನ ಪ್ರೆಶರ್ ಸೌಂಡ್ಸ್, ಗ್ಲಾಸ್ಗೋದ ಮಂಗೋಸ್ ಹೈಫೈ ತಂಡದ ಸ್ಕಾಚ್ ಬಾನೆಟ್, ಕಂಪ್ಯೂಟರಿನಲ್ಲೇ ಡಬ್ ಕಟ್ಟುವ ಲೈಪ್‌ಜಿಗ್‌ನ ಜಾತಾರಿ, ಇವೆಲ್ಲ ಅಲ್ಲಿವೆ. ಕಿಂಗ್‌ಸ್ಟನ್ನಿನಿಂದ ಇಕ್ವಿನಾಕ್ಸ್ ಎಂಬ ತಂಡವಿದೆ. ಡ್ಯಾನ್ಸ್‌ಹಾಲ್‌ನ ಎಲುಬನ್ನಷ್ಟೇ ಉಳಿಸಿಕೊಂಡು ಹಕ್ಕಿಯ ದನಿ, ಪಾತ್ರೆಯ ಸದ್ದಿನಂಥವುಗಳಿಂದ ಬೀಟ್ ಕಟ್ಟುವ ಅವರ ಕೆಲಸವನ್ನು ಕೇಳದವರು ಈಗಿನ ಡ್ಯಾನ್ಸ್‌ಹಾಲ್ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಅರಿಯಲಾರರು ಎಂದು ನಾನು ದೃಢವಾಗಿ ನಂಬಿದ್ದೇನೆ.

ಹಿಪ್‌ಹಾಪ್‌ನಲ್ಲೂ ಸ್ವತಂತ್ರ ಲೇಬಲ್ಲುಗಳ ಮಟ್ಟಿಗೆ ಇದೇ ಮಾತು. ರ‍್ಯಾಪರ್ ಬಿಲ್ಲಿ ವುಡ್ಸ್ ಅವರ ಬ್ಯಾಕ್‌ವುಡ್ಜ್ ಸ್ಟುಡಿಯೋಸ್, ಲಾಸ್ ಏಂಜಲೀಸ್‌ನ ಸ್ಟೋನ್ಸ್ ಥ್ರೋ, ಅರಿಜೋನಾದ ಮೆಲ್ಲೋ ಮ್ಯೂಸಿಕ್ ಗ್ರೂಪ್, ಈ ಮೂರನ್ನು ಫಾಲೋ ಮಾಡಿಕೊಂಡರೂ ವರ್ಷವಿಡೀ ಕಿವಿಗೆ ಕೆಲಸವಿರುತ್ತದೆ. ಬ್ಯಾಂಡ್‌ಕ್ಯಾಂಪ್ ಡೈಲಿ ಎಂಬ ಅದರದೇ ಪತ್ರಿಕಾ ವಿಭಾಗ ತಿಂಗಳ ಆಯ್ದ ಹಿಪ್‌ಹಾಪ್ ಬಿಡುಗಡೆಗಳ ಬಗ್ಗೆ ಬರೆಯುತ್ತದೆ, ಬರೆಯುವವರು ಬೀಟ್ ಯಾರದೆಂದು ಹೇಳಲು ಮರೆಯುವುದಿಲ್ಲ. ಜೊತೆಗೆ ಹಿಪ್‌ಹಾಪ್ ಕೇಳುವವರಿಗೆ ಫೈಲನ್ನು ಸ್ವಂತವಾಗಿ ಇಟ್ಟುಕೊಳ್ಳಲು ವಿಶೇಷ ಕಾರಣವೊಂದಿದೆ. ಈ ಸಂಗೀತ ಸ್ಯಾಂಪಲ್‌ಗಳ ಮೇಲೆ, ಅಂದರೆ ಹಳೆಯ ರೆಕಾರ್ಡುಗಳಿಂದ ಎತ್ತಿಕೊಂಡ ತುಣುಕುಗಳ ಮೇಲೆ ನಿಂತಿದೆ. ಅವುಗಳ ಹಕ್ಕಿನ ತಕರಾರಿನಿಂದ ಡಿ ಲಾ ಸೋಲ್ ತಂಡದ ಆರಂಭದ ಆಲ್ಬಮ್‌ಗಳು ಸ್ಟ್ರೀಮಿಂಗ್ ಸೇವೆಗಳಿಗೆ ಬರಲು 2023ರ ಮಾರ್ಚ್ 3ರವರೆಗೆ ಕಾಯಬೇಕಾಯಿತು. ಇಂದು ಕೇಳಲು ಸಿಗುವ ಹಾಡು ನಾಳೆಯೂ ಸಿಗುತ್ತದೆಂಬ ಭರವಸೆ ಈ ಕ್ಷೇತ್ರದಲ್ಲಿ ಇಲ್ಲ.

ಬ್ಯಾಂಡ್‌ಕ್ಯಾಂಪ್‌ನ ಅತ್ಯುತ್ತಮ ಭಾಗ ಯಾವುದೆಂದು ಕೇಳಿದರೆ ನಾನು ತೋರಿಸುವುದು ಕೊಂಡವರ ಸಣ್ಣ ಚಿತ್ರಗಳ ಸಾಲನ್ನು. ಪ್ರತಿ ಬಿಡುಗಡೆಯ ಪುಟದಲ್ಲೂ ಅದನ್ನು ಖರೀದಿಸಿದವರ ಚಿತ್ರಗಳು ಕಾಣುತ್ತವೆ. ಒಂದರ ಮೇಲೆ ಒತ್ತಿದರೆ ಆ ವ್ಯಕ್ತಿ ಕೊಂಡ ಸಂಗ್ರಹವೆಲ್ಲ ತೆರೆದುಕೊಳ್ಳುತ್ತದೆ. ಕೆಲವರು ತಮಗೆ ಮೆಚ್ಚುಗೆಯಾದ ಟ್ರ್ಯಾಕನ್ನು ಗುರುತಿಸಿ ಎರಡು ಸಾಲು ಬರೆದಿರುತ್ತಾರೆ. ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ರೂಟ್ಸ್ (ಹಳೆಯ ಬಗೆಯ ರೆಗ್ಗೆ) ಹಾಡೊಂದನ್ನು ಕೊಂಡವರು ಕೆಲವೇ ಜನ ಇದ್ದರೆ ಅವರಲ್ಲಿ ಒಂದಿಬ್ಬರಾದರೂ ಸೌಂಡ್ ಸಿಸ್ಟಮ್ ನಡೆಸುವವರೋ, ರೇಡಿಯೋದಲ್ಲಿ ಈ ಸಂಗೀತ ಹಾಕುವವರೋ ಆಗಿರುವ ಸಾಧ್ಯತೆ ಹೆಚ್ಚು. ಅಂಥವರ ಸಂಗ್ರಹವನ್ನು ಮೇಲಿನಿಂದ ಕೆಳಗೆ ನೋಡುತ್ತಾ ಹೋದರೆ ನಾವು ಹೆಸರೇ ಕೇಳಿರದ ಲೇಬಲ್ಲುಗಳು ಸಿಗುತ್ತವೆ. ಅವರನ್ನೂ ಫಾಲೋ ಮಾಡಬಹುದು, ಆಗ ಅವರು ಕೊಂಡದ್ದೆಲ್ಲ ನಮ್ಮ ಫೀಡಿನಲ್ಲಿ ಕಾಣತೊಡಗುತ್ತದೆ. ದುಡ್ಡು ಕೊಟ್ಟು ಕೊಂಡವನ ಶಿಫಾರಸಿಗೂ, ನಾವು ಹಿಂದೆ ಕೇಳಿದ್ದನ್ನು ಲೆಕ್ಕ ಹಾಕಿ ಯಂತ್ರ ಕೊಡುವ ಶಿಫಾರಸಿಗೂ ಇರುವ ಅಂತರ ದೊಡ್ಡದು. ಜಾಣ ರೆಕಾರ್ಡ್ ಅಂಗಡಿಯವನು ಗಿರಾಕಿಯ ಕೈಗೆ ತಾನಾಗಿಯೇ ಒಂದು ರೆಕಾರ್ಡು ತೆಗೆದುಕೊಡುವಂತೆ ಅದು ಕೆಲಸ ಮಾಡುತ್ತದೆ. ನಮ್ಮ ಸಂಗ್ರಹವೂ ಹೀಗೆ ಇತರರಿಗೆ ಕಾಣುತ್ತದೆ ಎಂಬುದನ್ನು ನೆನಪಿಡಬೇಕು, ಬೇಡವೆಂದರೆ ಮರೆಮಾಡಲು ಅವಕಾಶವಿದೆ.

ಇದಕ್ಕೆ ಹೋಲಿಸಿದರೆ ಪ್ರಕಾರಗಳ ಮೂಲಕ ಹುಡುಕುವ ವಿಭಾಗ ಸಾಧಾರಣ. ರೆಗ್ಗೆ ಎಂಬ ಪ್ರಕಾರದ ಒಳಗೆ ಡಬ್, ರೂಟ್ಸ್, ಡ್ಯಾನ್ಸ್‌ಹಾಲ್, ಸ್ಕಾ ಎಂದು ಒಳವಿಭಾಗಗಳಿವೆ, ಹೊಸದಾಗಿ ಬಂದವನ್ನು ಮಾತ್ರ ನೋಡುವ ಏರ್ಪಾಟೂ ಇದೆ. ಆದರೆ ಟ್ಯಾಗ್ ಹಾಕುವವರು ಹಾಡು ಏರಿಸಿದವರೇ ಆದ್ದರಿಂದ ಗಿಟಾರಿನ ಮೇಲೆ ಎದುರುಬಡಿತ ಬಾರಿಸಿದ್ದೆಲ್ಲವೂ ರೆಗ್ಗೆಯಾಗಿಬಿಡುತ್ತದೆ, ಕಂಪ್ಯೂಟರಿನಲ್ಲಿ ಕಟ್ಟಿದ ಹಾದಿಬೀದಿಯ ಬೀಟೆಲ್ಲ ಡ್ಯಾನ್ಸ್‌ಹಾಲ್ ಎಂಬ ಪಟ್ಟ ಪಡೆಯುತ್ತದೆ.

ಇನ್ನು ದೊಡ್ಡ ಕೊರತೆಗೆ ಬರುತ್ತೇನೆ. ಕಿಂಗ್‌ಸ್ಟನ್ನಿನ ಬೀದಿಯಲ್ಲಿ ಈ ವಾರ ಏನು ನುಡಿಯುತ್ತಿದೆ ಎಂದು ತಿಳಿಯಬೇಕಾದರೆ ಬ್ಯಾಂಡ್‌ಕ್ಯಾಂಪ್‌ನಿಂದ ಪ್ರಯೋಜನವಿಲ್ಲ. ಅಲ್ಲಿನ ಮುಖ್ಯವಾಹಿನಿಯ ಡ್ಯಾನ್ಸ್‌ಹಾಲ್ ಇಲ್ಲಿಗೆ ಬರುವುದೇ ಅಪರೂಪ. ಪ್ರೊಡ್ಯೂಸರುಗಳು ವಿತರಕರ ಮೂಲಕ ಎಲ್ಲ ಸ್ಟ್ರೀಮಿಂಗ್ ಸೇವೆಗಳಿಗೂ ಹಾಡು ಕಳಿಸುತ್ತಾರೆ, ಜೊತೆಗೆ ಯೂಟ್ಯೂಬಿನಲ್ಲಿ ವೀಡಿಯೊ ಹಾಕುತ್ತಾರೆ, ಕೆಲಸ ಅಲ್ಲಿಗೆ ಮುಗಿಯಿತು. ಡ್ಯಾನ್ಸ್‌ಹಾಲ್ ಗಾಯಕ ವೈಬ್ಸ್ ಕಾರ್ಟೆಲ್ 2011ರಲ್ಲಿ ಬಂಧನಕ್ಕೊಳಗಾಗಿ 2024ರ ಜುಲೈ 31ರಂದು ಬಿಡುಗಡೆಯಾಗುವವರೆಗೆ ಜೈಲಿನಲ್ಲಿದ್ದರೂ ಅವರ ಹೊಸ ಹಾಡುಗಳು ಬರುತ್ತಲೇ ಇದ್ದವು, ಒಂದೊಂದೂ ಬೇರೆ ಬೇರೆ ಪ್ರೊಡ್ಯೂಸರುಗಳ ಮೂಲಕ. ಇಂಥ ಚದುರಿದ ಪ್ರವಾಹವನ್ನು ಹಿಡಿಯಲು ಯೂಟ್ಯೂಬೇ ಸರಿ. ಪ್ರೊಡ್ಯೂಸರುಗಳ ಚಾನೆಲ್ಲುಗಳಿಗೆ ಸಬ್‌ಸ್ಕ್ರೈಬ್ ಆಗಿ ಗಂಟೆಯ ಗುರುತನ್ನು ಒತ್ತಿಟ್ಟರೆ ಸಾಕು. ಅದಕ್ಕಿಂತಲೂ ಉಪಯುಕ್ತವಾದವು ಡೀಜೇಗಳು ಹಾಕುವ ರಿಡಿಮ್ ಮಿಕ್ಸುಗಳು: ಹೊಸ ರಿಡಿಮ್ ಬಂದ ಕೆಲವೇ ದಿನಗಳಲ್ಲಿ ಅದರ ಮೇಲಿನ ಎಲ್ಲ ಹಾಡುಗಳನ್ನೂ ಒಂದರಿಂದೊಂದಕ್ಕೆ ಜಾರಿಸುತ್ತಾ ಒಂದೇ ವೀಡಿಯೊದಲ್ಲಿ ಪೋಣಿಸಿಕೊಡುತ್ತಾರೆ. ಒಂದು ಎಚ್ಚರಿಕೆ ಬೇಕು. ಹಾಡುಗಳು ಸಾಮಾನ್ಯವಾಗಿ ಬೈಗುಳ ಉಳಿಸಿಕೊಂಡ ‘ರಾ’ ರೂಪದಲ್ಲೂ, ರೇಡಿಯೋಗೆಂದು ತಿದ್ದಿದ ರೂಪದಲ್ಲೂ ಬರುತ್ತವೆ. ಬಂದೂಕು, ವಂಚನೆ, ಮಾದಕವಸ್ತುಗಳನ್ನು ಹೊಗಳುವ ಹಾಡುಗಳ ಪ್ರಸಾರವನ್ನು ಜಮೈಕಾದ ಪ್ರಸಾರ ಆಯೋಗ 2022ರ ಅಕ್ಟೋಬರಿನಲ್ಲಿ ನಿಷೇಧಿಸಿದೆ. ಮಕ್ಕಳಿರುವ ಮನೆಯಲ್ಲಿ ಕೇಳುವವರು ಯಾವ ರೂಪವೆಂದು ನೋಡಿಕೊಳ್ಳುವುದು ಒಳ್ಳೆಯದು.

ದೊಡ್ಡ ಕಂಪನಿಗಳಿಂದ ಬರುವ ಹಿಪ್‌ಹಾಪ್‌ಗೆ ಸ್ಪಾಟಿಫೈ ಸಾಕು. 2015ರ ಜುಲೈ 10ರಿಂದ ಜಗತ್ತಿನಾದ್ಯಂತ ಶುಕ್ರವಾರವನ್ನೇ ಹೊಸ ಬಿಡುಗಡೆಯ ದಿನವೆಂದು ನಿಗದಿಪಡಿಸಿಕೊಂಡಿರುವುದರಿಂದ, ಅಂದು ಅದರ ರಿಲೀಸ್ ರೇಡಾರ್ ಪಟ್ಟಿ ನೋಡಿದರೆ ಹೆಚ್ಚಿನದು ಸಿಕ್ಕಿಬಿಡುತ್ತದೆ. ರಿಡಿಮ್ ಆಲ್ಬಮ್ಮುಗಳ ವಿಷಯದಲ್ಲಿ ಮಾತ್ರ ಅದು ಸೋಲುತ್ತದೆ. ಹತ್ತು ಗಾಯಕರಿರುವ ಬಿಡುಗಡೆ ಅಲ್ಲಿ ‘ವೇರಿಯಸ್ ಆರ್ಟಿಸ್ಟ್ಸ್’ ಎಂಬ ಮುಖವಿಲ್ಲದ ಹೆಸರಿನಡಿ ಸೇರಿಹೋಗುತ್ತದೆ, ಆ ಹೆಸರನ್ನು ಹಿಡಿದು ಎಲ್ಲಿಗೂ ಹೋಗಲಾಗುವುದಿಲ್ಲ. ಅಲ್ಲದೆ 2024ರಿಂದ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಲ್ಪಡದ ಹಾಡಿಗೆ ಸ್ಪಾಟಿಫೈ ರಾಯಲ್ಟಿ ಕೊಡುವುದಿಲ್ಲ. ಸಣ್ಣ ಡಬ್ ಲೇಬಲ್ಲಿನ ಹಾಡಿಗೆ ಇದರ ಅರ್ಥ ಏನೆಂದು ವಿವರಿಸಬೇಕಿಲ್ಲ.

ನಮ್ಮ ನಾಡಿನ ಹಿಪ್‌ಹಾಪ್ ಬೆಳೆದದ್ದು ಹೆಚ್ಚಾಗಿ ಯೂಟ್ಯೂಬಿನಲ್ಲೇ. ಕನ್ನಡ ರ‍್ಯಾಪ್ ಹೊಸದಾಗಿ ಏನು ಬಂದಿದೆ ಎಂದು ಬ್ಯಾಂಡ್‌ಕ್ಯಾಂಪ್‌ನಲ್ಲಿ ಹುಡುಕುವವರಿಗೆ ನಿರಾಸೆಯೇ ಗತಿ. ಆದರೂ ಬೀಟ್ ಕಟ್ಟಿದವನ ಹೆಸರನ್ನು ಗಮನಿಸುವ ಅಭ್ಯಾಸ ಇಲ್ಲೂ ಫಲ ಕೊಡುತ್ತದೆ. ಬೆಂಗಳೂರಿನ ವೇದಿಕೆಗಳಲ್ಲಿ ಬೆಳೆದ ಹನುಮಾನ್‌ಕೈಂಡ್ ಅವರ ಹಾಡು 2024ರಲ್ಲಿ ಬಿಲ್‌ಬೋರ್ಡ್ ಪಟ್ಟಿಗೆ ಏರಿದಾಗ ಎಲ್ಲರೂ ರ‍್ಯಾಪರ್‌ನ ಹೆಸರು ಹೇಳಿದರು. ಆ ಹಾಡಿನ ಬೀಟ್ ಕಟ್ಟಿದ ಕಲ್ಮಿಯ ಹೆಸರನ್ನು ಗುರುತಿಟ್ಟುಕೊಂಡವರಿಗೆ ಮುಂದೆ ಏನನ್ನು ಕೇಳಬೇಕೆಂಬ ದಾರಿಯೂ ಸಿಕ್ಕಿತು.

ದುಡ್ಡಿನ ವಿಚಾರ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ 15%, ವಿನೈಲ್ ಮತ್ತಿತರ ವಸ್ತುಗಳಲ್ಲಿ 10% ಪಾಲು ತೆಗೆದುಕೊಳ್ಳುತ್ತದೆ. ಪಾವತಿ ಶುಲ್ಕವೂ ಕಳೆದು ಸರಾಸರಿ 82% ಕಲಾವಿದರಿಗೆ ಅಥವಾ ಲೇಬಲ್ಲಿಗೆ ಸೇರುತ್ತದೆಂದು ಕಂಪನಿಯೇ ಹೇಳುತ್ತದೆ. ಮಾರುವವರು ಕನಿಷ್ಠ ಬೆಲೆಯನ್ನಷ್ಟೇ ಗೊತ್ತುಮಾಡಿ, ಇಷ್ಟವಿದ್ದರೆ ಹೆಚ್ಚು ಕೊಡಿ ಎನ್ನುವುದೂ ಉಂಟು. ಕೋವಿಡ್ ಕಾಲದಲ್ಲಿ ಸಂಗೀತ ಕಛೇರಿಗಳು ನಿಂತುಹೋದಾಗ, 2020ರ ಮಾರ್ಚ್ 20ರಂದು ತನ್ನ ಪಾಲನ್ನು ಒಂದು ದಿನದ ಮಟ್ಟಿಗೆ ಬಿಟ್ಟುಕೊಟ್ಟಿತು, ಆ ಒಂದೇ ದಿನ 43 ಲಕ್ಷ ಡಾಲರ್ ವಹಿವಾಟು ನಡೆಯಿತು. ಬ್ಯಾಂಡ್‌ಕ್ಯಾಂಪ್ ಫ್ರೈಡೇ ಎಂಬ ಆ ದಿನ ಆಮೇಲೆ ಹಲವು ಬಾರಿ ಬಂದಿದೆ. ಸ್ವತಂತ್ರ ಹಿಪ್‌ಹಾಪ್ ಮತ್ತು ಡಬ್ ಲೇಬಲ್ಲುಗಳು ಹೊಸ ಬಿಡುಗಡೆಗಳನ್ನು ಅದಕ್ಕಾಗಿಯೇ ಕಾದಿಟ್ಟುಕೊಳ್ಳುವುದುಂಟು. ಲೆಕ್ಕ ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದ್ದು, ಹಾಗಾಗಿ ನಮ್ಮಲ್ಲಿ ಅದು ಅಲ್ಲಿನ ಬೇಸಿಗೆಯ ತಿಂಗಳುಗಳಲ್ಲಿ ಶುಕ್ರವಾರ ಮಧ್ಯಾಹ್ನ 12.30ಕ್ಕೆ, ಚಳಿಗಾಲದಲ್ಲಿ 1.30ಕ್ಕೆ ಶುರುವಾಗಿ ಶನಿವಾರ ಅದೇ ಹೊತ್ತಿಗೆ ಮುಗಿಯುತ್ತದೆ.

ಇಲ್ಲಿಂದ ಕೊಳ್ಳುವವರು ಬೆಲೆ ಡಾಲರ್, ಪೌಂಡ್, ಯೂರೋಗಳಲ್ಲಿ ಇರುತ್ತದೆಂಬುದನ್ನು ಗಮನಿಸಬೇಕು. ಯುಪಿಐ ನಡೆಯುವುದಿಲ್ಲ. ಕಾರ್ಡಿನಲ್ಲಿ ವಿದೇಶಿ ವಹಿವಾಟಿಗೆ ಅನುಮತಿ ಆನ್ ಮಾಡಿಕೊಂಡಿರಬೇಕು, ವಿನಿಮಯದ ಮೇಲೆ ಬ್ಯಾಂಕು ಸೇರಿಸುವ ಶುಲ್ಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಿಡಿ ಹಾಡುಗಳನ್ನು ಒಂದೊಂದಾಗಿ ಕೊಳ್ಳುವ ಬದಲು ಇಷ್ಟಪಟ್ಟಿದ್ದನ್ನೆಲ್ಲ ವಿಶ್‌ಲಿಸ್ಟಿನಲ್ಲಿ ಸೇರಿಸುತ್ತಾ ಬಂದು ಅಂಥ ಶುಕ್ರವಾರ ಒಟ್ಟಿಗೆ ಕೊಳ್ಳುವುದು ಅನುಕೂಲ, ಕಲಾವಿದರಿಗೂ ಹೆಚ್ಚು ಮುಟ್ಟುತ್ತದೆ. ವಿನೈಲ್ ಬಗ್ಗೆ ಇಷ್ಟೇ ಹೇಳಬಲ್ಲೆ: ಒಂದು ಏಳಿಂಚಿನ ರೆಕಾರ್ಡಿಗೆ ಅಂಚೆ ವೆಚ್ಚವೇ ಅದರ ಬೆಲೆಯನ್ನು ಮೀರಬಹುದು, ಮೇಲೆ ಸುಂಕವೂ ಬೀಳಬಹುದು. ಹೀಗಾಗಿ ಒಂದೇ ಲೇಬಲ್ಲಿನಿಂದ ಹಲವನ್ನು ಒಟ್ಟಿಗೆ ತರಿಸುವುದು, ಇಲ್ಲವೇ ಆ ಕಡೆಯಿಂದ ಬರುವ ನೆಂಟರಿಗೆ ಹೇಳಿಡುವುದು ವಾಸಿ.

ಕಂಪನಿಯ ಒಡೆತನ ಬದಲಾಗುತ್ತಾ ಬಂದಿರುವುದು ನನ್ನ ಮಟ್ಟಿಗೆ ನಿಜವಾದ ಆತಂಕ. 2022ರ ಮಾರ್ಚಿನಲ್ಲಿ ವಿಡಿಯೊ ಗೇಮ್ ಕಂಪನಿ ಎಪಿಕ್ ಗೇಮ್ಸ್ ಇದನ್ನು ಕೊಂಡಿತು, ಮರುವರ್ಷವೇ ಸಂಗೀತದ ಪರವಾನಗಿ ವ್ಯವಹಾರ ನಡೆಸುವ ಸಾಂಗ್‌ಟ್ರೇಡರ್‌ಗೆ ಮಾರಿತು, 2023ರ ಅಕ್ಟೋಬರಿನಲ್ಲಿ ಸುಮಾರು ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ಸೇವೆಯ ಮೂಲ ಸ್ವರೂಪ ಮಾತ್ರ ಅಷ್ಟಾಗಿ ಬದಲಾಗಿಲ್ಲ: ಪುಟಗಳು ಹಾಗೆಯೇ ಇವೆ, ಪಾಲಿನ ಪ್ರಮಾಣವೂ ಅಷ್ಟೇ ಇದೆ. ಆದರೂ ಆ್ಯಪ್‌ನಲ್ಲಿ ಕೇಳಬಹುದಲ್ಲ ಎಂದು ಕೊಂಡದ್ದನ್ನು ಅಲ್ಲೇ ಬಿಟ್ಟಿಡಬೇಡಿ. ಕೊಂಡ ದಿನವೇ ಫ್ಲಾಕ್ ರೂಪದಲ್ಲಿ ಇಳಿಸಿಕೊಂಡು, ಪುಟದ ಕೆಳಗಿನ ಟಿಪ್ಪಣಿಯನ್ನೂ ಅದೇ ಫೋಲ್ಡರಿನಲ್ಲಿ ಒಂದು ಪಠ್ಯ ಫೈಲಾಗಿ ಉಳಿಸಿ, ಎರಡನೆಯ ಪ್ರತಿಯನ್ನು ಹಾರ್ಡ್‌ಡಿಸ್ಕಿಗೆ ಹಾಕಿಡಿ. ಡ್ರಮ್ ಬಾರಿಸಿದವರ, ಬಾಸ್ ನುಡಿಸಿದವರ, ಮಿಕ್ಸ್ ಮಾಡಿದವರ ಹೆಸರುಗಳು ಇಳಿಸಿಕೊಂಡ ಫೈಲಿನ ಜೊತೆಗೆ ಹೆಚ್ಚಾಗಿ ಬರುವುದಿಲ್ಲ.